ಅಪ್ಪನಿಗೆ ತಂದ ಮೀನು ತೋರುವ ಯಂತ್ರ

ಯಂತ್ರಗಳ ವಿಷಯದಲ್ಲಿ ನಾನು ಯಾರ ಸಲಹೆಯನ್ನೂ ಕೇಳುವವನಲ್ಲ. ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ಅಲ್ಲಿಯ ರಿಪೇರಿ ವಿಭಾಗದಲ್ಲಿ ಏಳು ವರ್ಷ ದುಡಿದವನು ನಾನು. ಮೆಷಿನ್ನಿನ ಮೈಗೆ ಕಿವಿಯಿಟ್ಟರೆ ಸಾಕು, ಶಿವಣ್ಣ ಅದರ ಕಾಯಿಲೆ ಹೇಳಿಬಿಡುತ್ತಾನೆ ಎಂದು ಕ್ಯಾಂಟೀನಿನಲ್ಲಿ ಒಂದು ಮಾತಿತ್ತು. ಆ ಮಾತನ್ನು ಹಬ್ಬಿಸಿದವನೂ ನಾನೇ! ಹೀಗಿರುವಾಗ ಮೀನು ಹುಡುಕುವ ಒಂದು ಪುಟ್ಟ ಯಂತ್ರವನ್ನು ಆರಿಸುವುದು ಯಾವ ಮಹಾ ಕೆಲಸ?

ಯಂತ್ರ ಬೇಕಾಗಿದ್ದುದು ಅಪ್ಪನಿಗೆ.

ಮಾಗಡಿ ಸೀಮೆಯ ಕಲ್ಯದ ಹತ್ತಿರದ ನಮ್ಮ ಊರಿನಲ್ಲಿ ಅಪ್ಪನ ಹೆಸರು ಹೇಳಿದರೆ ಗುರುತು ಸಿಗುವುದು ಕಷ್ಟ. ‘ಗಾಳದ ಗೌಡ’ ಎಂದರೆ ಎಲ್ಲರಿಗೂ ಗೊತ್ತು. ಹೊಲದ ಕೆಲಸ ಮುಗಿಸಿ, ಬಿದಿರ ಕಡ್ಡಿ ಹಿಡಿದು ಕೆರೆಯಂಚಿನ ಕಲ್ಲಿನ ಮೇಲೆ ಕೂತನೆಂದರೆ ಅಪ್ಪನಿಗೆ ಹಸಿವೂ ಇಲ್ಲ, ಬಾಯಾರಿಕೆಯೂ ಇಲ್ಲ. ನೀರಿನ ಮೇಲೆ ನವಿಲುಗರಿಯ ಕಡ್ಡಿಯ ಬೆಂಡು ತೇಲುತ್ತಿರಬೇಕು, ಅದು ಮುಳುಗುವುದನ್ನು ತಾನು ನೋಡುತ್ತಿರಬೇಕು. ಅಷ್ಟೇ ಅವನ ಲೋಕ.

ಕಣ್ಣು ಮಂಜಾದ ಮೇಲೆ ಆ ಲೋಕ ಮುಚ್ಚಿಹೋಯಿತು. ಕಣ್ಣೊಳಗಿನ ಒತ್ತಡ ಹೆಚ್ಚಾಗಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಅಪ್ಪನಿಗೆ ಬೆಳಕು ಯಾವುದು, ನೆರಳು ಯಾವುದು ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಜಗುಲಿಯ ಮೇಲೆ ಕೆರೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಒಮ್ಮೊಮ್ಮೆ ಮೂಗೆತ್ತಿ, “ಮೂಡಗಾಳಿ ಎದ್ದೈತೆ. ಇವತ್ತು ಚೆನ್ನಾಗ್ ಕಚ್ತವೆ” ಎಂದು ಯಾರಿಗೂ ಅಲ್ಲದ ಹಾಗೆ ಹೇಳುತ್ತಿದ್ದ.

ಒಂದು ಭಾನುವಾರ ಅಪ್ಪನನ್ನು ಕೆರೆಗೆ ಕರೆದುಕೊಂಡು ಹೋದೆ. “ನೀನು ಕಡ್ಡಿ ಹಿಡಿ ಅಪ್ಪಾ, ಬೆಂಡು ನಾನು ನೋಡ್ತೀನಿ. ಮುಳುಗಿದ ತಕ್ಷಣ ಹೇಳ್ತೀನಿ” ಎಂದೆ. ಬೆಂಡು ಮುಳುಗಿತು. ನಾನು ಅದು ಗಾಳಿಗೋ ಮೀನಿಗೋ ಎಂದು ವಿಚಾರ ಮಾಡಿ, ಖಚಿತಪಡಿಸಿಕೊಂಡು, “ಎಳಿ!” ಎಂದು ಕೂಗಿದೆ.

ಅಪ್ಪ ಖಾಲಿ ಗಾಳ ಎತ್ತಿ, “ನೀನ್ ಹೇಳೋ ಹೊತ್ಗೆ ಆ ಮೀನು ಮಾಗಡಿ ಬಸ್‌ಸ್ಟ್ಯಾಂಡ್ ತಲ್ಪಿರ್ತದೆ ಕಣ್ಲಾ” ಎಂದ. ಮತ್ತೆ ನನ್ನ ಜೊತೆ ಕೆರೆಗೆ ಬರಲಿಲ್ಲ.

ಅದೇ ಕಾಲಕ್ಕೆ ನಮ್ಮ ಕಾರ್ಖಾನೆಗೆ ಹೊಸ ಮೆಷಿನ್ ಕೂರಿಸಲು ಜಪಾನಿನಿಂದ ಮೊರಿತಾ ಎಂಬ ಇಂಜಿನಿಯರ್ ಬಂದಿದ್ದರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ತೂಕದವು. ಆದ್ದರಿಂದ ನಮ್ಮಿಬ್ಬರಿಗೆ ಬಹಳ ಹೊಂದಿಕೆ. ಒಂದು ದಿನ ಊಟದ ಹೊತ್ತಿನಲ್ಲಿ ಫೋಟೋ ತೋರಿಸಿದರು. ಅವರ ಊರಿನ ಕೆರೆ ಚಳಿಗೆ ಹೆಪ್ಪುಗಟ್ಟಿ ಬೆಳ್ಳಗೆ ಹಾಸಿದ ಜಮಖಾನದ ಹಾಗಿದೆ. ಅದರ ಮೇಲೆ ಸ್ಟೂಲು ಹಾಕಿಕೊಂಡು ಈ ಮನುಷ್ಯ ಕೂತಿದ್ದಾರೆ! ಮುಂದೆ ಮಂಜುಗಡ್ಡೆಯಲ್ಲಿ ಕೊರೆದ ಒಂದು ತೂತು. ತೂತಿನೊಳಗೆ ಗಾಳ. ಪಕ್ಕದಲ್ಲಿ ಒಂದು ಪುಟ್ಟ ಯಂತ್ರ. ಕೆಳಗೆ ಮೀನು ಬಂದರೆ ಆ ಯಂತ್ರ ಹೇಳುತ್ತದಂತೆ.

ನಾನು ಸಾರನ್ನದಲ್ಲಿ ಕೈಯಿಟ್ಟು ಹಾಗೇ ಕೂತೆ. ಮೀನು ಬಂದರೆ ಹೇಳುತ್ತದೆ! ಅಪ್ಪನ ಕಣ್ಣೇ ಮರಳಿ ಸಿಕ್ಕ ಹಾಗಾಯಿತು. ಅಪ್ಪನ ಕಥೆಯನ್ನೆಲ್ಲ ಕೈಸನ್ನೆ ಸೇರಿಸಿ ಮೊರಿತಾಗೆ ಹೇಳಿದೆ.

ಡಿಸೆಂಬರಿನಲ್ಲಿ ಊರಿಗೆ ಹೊರಟಾಗ ಮೊರಿತಾ ಒಂದು ಕ್ಯಾಟಲಾಗು ತಂದು ನನ್ನ ಮುಂದಿಟ್ಟರು. “ಫಾದರ್‌ಗೆ ಯಾವುದು? ನಾನು ತರುತ್ತೇನೆ, ಗಿಫ್ಟ್” ಎಂದರು. ಆರಿಸುವ ಹೊಣೆ ನನ್ನದು.

ಅದರಲ್ಲಿ ಎರಡು ಯಂತ್ರಗಳು. ಮೊದಲನೆಯದು ಬೂದು ಬಣ್ಣದ, ಹಳೇ ರೇಡಿಯೊ ಥರದ ಪೆಟ್ಟಿಗೆ. ಮೊರಿತಾ ಅದರ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, “ಫಾದರ್, ಐಸ್ ನೋ ಗುಡ್. ದಿಸ್ ಒನ್. ಫಿಶ್ ಕಮಿಂಗ್, ಪೀ ಪೀ ಪೀ!” ಎಂದರು. ನಾನು ತಬ್ಬಿಬ್ಬಾದೆ. ಅವರು ‘ಐಸ್’ ಎಂದದ್ದು ಕಣ್ಣಿಗೋ ಮಂಜುಗಡ್ಡೆಗೋ? ಕೇಳಿದರೆ ನನ್ನ ಇಂಗ್ಲಿಷಿನ ಮರ್ಯಾದೆ ಹೋಗುತ್ತದೆ. ಗಂಭೀರವಾಗಿ ತಲೆಯಾಡಿಸಿದೆ.

ಎರಡನೆಯದರ ಮೇಲೆ ನನ್ನ ಕಣ್ಣು ಬಿತ್ತು. ಅಯ್ಯೋ, ಅದರ ಚೆಲುವೇ! ನೀಲಿ ಚೀಲದಲ್ಲಿ ಕೂತ ದುಂಡು ಡಯಲ್ಲು. ಅದರ ಸುತ್ತ ಕೆಂಪು, ಹಸಿರು, ಕಿತ್ತಳೆ ದೀಪಗಳು. ಮಂಜುಗಡ್ಡೆಯ ಮೇಲೆ ಕೂತವರಿಗೆಂದೇ ಮಾಡಿದ್ದು.

“ಬೋಟ್?” ಎಂದು ಕೇಳಿದರು ಮೊರಿತಾ.

“ನೋ ಬೋಟ್. ಸಿಟ್ಟಿಂಗ್.”

“ಕೋಲ್ಡ್?”

ನಮ್ಮ ಮಾಗಡಿ ಸೀಮೆಯ ಚಳಿಯನ್ನು ಹೊರದೇಶದವರ ಮುಂದೆ ಬಿಟ್ಟುಕೊಡುವುದುಂಟೆ? “ವೆರಿ ಕೋಲ್ಡ್! ಮಫ್ಲರ್!” ಎಂದೆ.

ಮೊರಿತಾ ಅನುಮಾನದಿಂದ ಮತ್ತೆ ಬೂದು ಪೆಟ್ಟಿಗೆ ತೋರಿಸಿದರು. ನಾನು ಹಿರಿಯ ತಜ್ಞನ ಗತ್ತಿನಲ್ಲಿ ದುಂಡು ಡಯಲ್ಲಿನ ಮೇಲೆ ಪೆನ್ನಿನಿಂದ ಗುರುತು ಹಾಕಿ, “ಕಲರ್ ಬೆಟರ್” ಎಂದೆ. ನಿಜ ಹೇಳುತ್ತೇನೆ, ಗುರುತು ಹಾಕುವಾಗ ನನಗೆ ಅಪ್ಪನ ನೆನಪೇ ಇರಲಿಲ್ಲ. ನಾನು ಕೆರೆ ದಂಡೆಯಲ್ಲಿ ಕೂತಿದ್ದೇನೆ, ಎದುರಿಗೆ ಆ ದೀಪಗಳು ಮಿನುಗುತ್ತಿವೆ, ಊರಿನವರೆಲ್ಲ ಬೆರಗಾಗಿ ನಿಂತಿದ್ದಾರೆ. ನನ್ನ ಕಣ್ಣ ಮುಂದೆ ಇದ್ದದ್ದು ಅಷ್ಟೇ.

ಅಪ್ಪನಿಗೆ ಸುದ್ದಿ ಹೇಳಿದೆ. ಆಮೇಲೆ ಇಬ್ಬರೂ ಕಾದೆವು. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಅಪ್ಪ ಬಾಯಿಬಿಟ್ಟು ಕೇಳುವವನಲ್ಲ. ಆದರೆ ನಾನು ಕಂಪನಿ ಬಸ್ಸಿಳಿದು ಬಂದಾಗಲೆಲ್ಲ ನನ್ನ ಚೀಲದ ಸದ್ದಿಗೆ ತಲೆಯೆತ್ತುತ್ತಿದ್ದ. ಬಿದಿರ ಕಡ್ಡಿಯನ್ನು ಅಟ್ಟದಿಂದ ಇಳಿಸಿ, ಎಣ್ಣೆ ಹಚ್ಚಿ, ಬೆರಳಲ್ಲೇ ತಡವಿ ಹೊಸ ದಾರ ಕಟ್ಟಿದ್ದ. ನನ್ನ ಹೆಂಡತಿ ರತ್ನ ಅದನ್ನು ನೋಡಿ ನನ್ನನ್ನು ಅಡುಗೆಮನೆಗೆ ಕರೆದು, “ಮಾವ ದಿನಾ ಎರೆಹುಳ ಎಲ್ಲಿ ಸಿಕ್ತವೆ ಅಂತ ಕೇಳ್ತಾವ್ರೆ. ಅದು ಬರ್ದೇ ಇದ್ರೆ ಏನ್ರೀ ಮಾಡ್ತೀರಾ?” ಎಂದಳು.

ಬಂತು. ಯುಗಾದಿಗೆ ಇನ್ನೆರಡು ವಾರ ಇರುವಾಗ ಮೊರಿತಾ ಮರಳಿ ಬಂದರು. ನೀಲಿ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿ ಕೊಟ್ಟರು. ನಾನೂ ಬಾಗಿ ತೆಗೆದುಕೊಂಡೆ. ವಿಮಾನದಲ್ಲಿ ಬ್ಯಾಟರಿ ಬಿಡಲಿಲ್ಲವಂತೆ. ಅದಕ್ಕೇನು? ನನ್ನ ಬೈಕಿನ ಬ್ಯಾಟರಿ ಇದೆಯಲ್ಲ!

ಭಾನುವಾರ ಬೆಳಿಗ್ಗೆ ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕೆರೆಗೆ ಹೋದೆ. ಎಷ್ಟೋ ತಿಂಗಳ ಮೇಲೆ ಅಪ್ಪ ತನ್ನ ಕಲ್ಲಿನ ಮೇಲೆ ಕೂತ. ಕೂತವನು ಅಂಗೈಯಿಂದ ಕಲ್ಲನ್ನು ಒಮ್ಮೆ ಸವರಿದ. ನಾನು ಬೇರೆ ಕಡೆ ನೋಡಿದೆ.

ಸುದ್ದಿ ಮೊದಲೇ ಹರಡಿತ್ತು. ಪಕ್ಕದ ಹೊಲದ ಕೆಂಪಣ್ಣನ ಮುಂದಾಳತ್ವದಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು.

“ಏನ್ಲಾ ಶಿವ, ನೀರೊಳಗಿರೋದೆಲ್ಲಾ ತೋರುಸ್ತದಾ ಇದು?” ಎಂದ ಕೆಂಪಣ್ಣ.

“ಎಲ್ಲಾ ತೋರಿಸುತ್ತದೆ.”

“ಹಂಗಾದ್ರೆ ಒಸಿ ನಮ್ ಬೋರ್‌ವೆಲ್ ಒಳಕ್ಕೆ ಬುಡ್ಲಾ. ನೀರು ಎಲ್ ಓಗೈತೆ ನೋಡ್ಬುಡಣ.”

ಅಜ್ಞಾನಿಗಳ ಜೊತೆ ವಾದ ಮಾಡಬಾರದು ಎಂದುಕೊಂಡು ಬೈಕಿನ ಸೀಟು ಎತ್ತಿ ವೈರು ಜೋಡಿಸಿದೆ. ದೀಪಗಳು ಹತ್ತಿದವು! ಕೆಂಪು, ಹಸಿರು, ಕಿತ್ತಳೆ! ಜನರೆಲ್ಲ “ಓಹೋ” ಎಂದರು. ನನ್ನ ಎದೆ ಎರಡಂಗುಲ ಉಬ್ಬಿತು. ತಂತಿಯ ತುದಿಗಿದ್ದ, ಮೀನನ್ನು ಗುರುತಿಸುವ ಉಂಡೆಯನ್ನು ಒಂದು ಬಿದಿರ ಗಳಕ್ಕೆ ಕಟ್ಟಿ ನೀರಿಗಿಳಿಸಿದೆ. ಡಯಲ್ಲಿನ ತುಂಬ ಬಣ್ಣ. ಎಲ್ಲಿ ನೋಡಿದರೂ ಮೀನು!

ಅಪ್ಪ ಗಾಳ ಹಾಕಿ, ಕಡ್ಡಿ ಹಿಡಿದು, ತಲೆಯನ್ನು ಒಂದು ಕಡೆಗೆ ವಾಲಿಸಿ ಕೂತ. ಬಹಳ ಹೊತ್ತು ಹಾಗೇ ಕೂತಿದ್ದ. ಆಮೇಲೆ ಮೆಲ್ಲಗೆ ಕೇಳಿದ:

“ಲೇ ಶಿವ, ಮೀನು ಬಂದ್ರೆ ಅದು ಎಂಗ್ ಹೇಳ್ತದೆ?”

“ದೀಪ ಹತ್ತುತ್ತದೆ ಅಪ್ಪಾ. ಚಿಕ್ಕ ಮೀನಿಗೆ ಹಸಿರು, ದೊಡ್ಡದಕ್ಕೆ ಕೆಂಪು...” ಎಂದೆ.

ಮಾತು ಅಲ್ಲೇ ನಿಂತಿತು. ಕಣ್ಣು ಕಾಣದ ಅಪ್ಪನಿಗೆ ನಾನು ಸಮುದ್ರದಾಚೆಯಿಂದ ಬಣ್ಣದ ದೀಪ ತರಿಸಿದ್ದೆ!

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಓ, ದೀಪವಾ” ಎಂದಷ್ಟೇ ಹೇಳಿ, ಸದ್ದಿಗಾಗಿ ವಾಲಿಸಿದ್ದ ತಲೆಯನ್ನು ನೆಟ್ಟಗೆ ಮಾಡಿಕೊಂಡ.

ಮರ್ಯಾದೆ ಉಳಿಸಿಕೊಳ್ಳಲು ನಾನೇ ಪೀ ಪೀ ಯಂತ್ರವಾದೆ. “ಹಸಿರು! ಹಸಿರು! ಕೆಂಪು ಬಂತು! ಎಳಿ ಅಪ್ಪಾ!” ಎಂದು ಕೂಗಿದೆ. ಅಪ್ಪ ಬೀಸಿ ಎಳೆದ. ಕಡ್ಡಿ ಬಿಲ್ಲಿನ ಹಾಗೆ ಬಗ್ಗಿತು. ಮೇಲೆ ಬಂದದ್ದು ಹೋದ ವರ್ಷ ಬಿಟ್ಟ ಗಣೇಶನ ಬಿದಿರ ಚೌಕಟ್ಟು! ಹುಲ್ಲು, ಗೋಣಿ, ಜರಿ ಪಂಚೆಯ ಚೂರಿನ ಸಮೇತ. ಕೆಂಪಣ್ಣ ಚಪ್ಪಲಿ ಬಿಟ್ಟು ಕೈಮುಗಿದ.

ಎರಡನೆಯ ಕೆಂಪು, ಎಮ್ಮೆಯ ಕಾಲು. ಅದರ ಒಡತಿ ನನ್ನ ವಂಶವನ್ನೆಲ್ಲ ನೆನೆದು ಬೈದಳು. ಮೂರನೆಯ ಕೆಂಪಿಗೆ ಗಾಳವೇ ಜೊಂಡಿನಲ್ಲಿ ಕಳೆದುಹೋಯಿತು. ವೈರು ಸಡಿಲವಾಗಿರಬಹುದು ಎಂದು ನನ್ನ ಏಳು ವರ್ಷದ ಅನುಭವವನ್ನೆಲ್ಲ ಬಳಸಿ ಬಿಚ್ಚಿ ಮತ್ತೆ ಜೋಡಿಸಿದೆ. ಪ್ಲಸ್ಸು ಮೈನಸ್ಸು ಅದಲುಬದಲಾಯಿತು. ಟಪ್ ಎಂದಿತು. ಸಣ್ಣಗೆ ಹೊಗೆ ಬಂತು. ದೀಪ ಹೋಯಿತು. ಜನವೂ ಹೋದರು.

ಅಪ್ಪ, ನಾನು, ಸುಟ್ಟ ವಾಸನೆ ಮೂವರೇ ಉಳಿದೆವು.

“ತಪ್ಪಾಯ್ತಪ್ಪಾ. ಕೂಗೋ ಯಂತ್ರವೂ ಇತ್ತು. ನಾನೇ ಬೇಡ ಅಂದೆ” ಎಂದೆ.

“ಓಗ್ಲಿ ಬುಡು. ಬಂದಿದ್ದೀವಲ್ಲ.” ನೀರಿನ ಕಡೆ ಮುಖ ಮಾಡಿ ಕೇಳಿದ: “ಆಚೆ ದಡದ ಹೊಂಗೆ ಮರಗಳು ಚಿಗುರುದ್ವಾ?”

ನಾನು ತಲೆಯೆತ್ತಿ ನೋಡಿದೆ. ಆಚೆ ದಡದಲ್ಲಿ ಹೊಂಗೆ ಮರಗಳೇ ಇರಲಿಲ್ಲ. ಯಾವುದೋ ಹೊಸ ಫ್ಯಾಕ್ಟರಿಯ ಕಾಂಪೌಂಡು ಉದ್ದಕ್ಕೂ ನಿಂತಿತ್ತು. ದಿನಾ ಬಸ್ಸಿನಲ್ಲಿ ಅದರ ಪಕ್ಕದಲ್ಲೇ ಹೋಗುತ್ತೇನೆ. ಮರ ಕಡಿದದ್ದು ಯಾವಾಗ ಎಂದು ನನಗೆ ತಿಳಿಯದು. ಅಪ್ಪ ಜಗುಲಿಯ ಮೇಲೆ ಕೂತು ಎರಡು ವರ್ಷದಿಂದ ಮನಸ್ಸಿನಲ್ಲೇ ನೋಡುತ್ತಿದ್ದ ಕೆರೆಯಲ್ಲಿ ಆ ಮರಗಳು ಇನ್ನೂ ಇದ್ದವು.

“ಚಿಗುರಿವೆ ಅಪ್ಪಾ. ಎಳೆ ಹಸಿರು” ಎಂದೆ.

ಅಪ್ಪ ನಕ್ಕ. “ಸುಳ್ ಯಾಕ್ಲಾ ಹೇಳ್ತೀಯ? ಆ ಕಡಿಂದ ಗಾಳಿ ತಂಪಾಗಿ ಬತ್ತಾ ಇತ್ತು. ಈಗ ಬತ್ತಾ ಇಲ್ಲ. ಇರೋದ್ ಹೇಳು.”

ಹೇಳಿದೆ. ಕಾಂಪೌಂಡಿನ ಉದ್ದ, ಅದರ ಮೇಲಿನ ಮುಳ್ಳುತಂತಿ, ಕೆಂಪು ಮಣ್ಣಿನ ರಾಶಿ, ಜೆಸಿಬಿ. ಅಪ್ಪ ಒಂದೊಂದಕ್ಕೂ “ಹೂಂ” ಎಂದ. ಅವನ ಕಣ್ಣೊಳಗಿನ ಮರಗಳನ್ನು ನಾನೇ ಒಂದೊಂದಾಗಿ ಕಡಿದ ಹಾಗಿತ್ತು.

“ಹಿಂದ್ಗಡೆ ಸಾವನದುರ್ಗ?”

“ಬೆಟ್ಟ ಹಾಗೇ ಇದೆ.”

“ನೀರಲ್ಲಿ?”

“ಒಣಮರದ ಬೊಡ್ಡೆಯ ಮೇಲೆ ಒಂದು ಕಪ್ಪು ಹಕ್ಕಿ, ರೆಕ್ಕೆ ಬಿಚ್ಚಿಕೊಂಡು ಕೂತಿದೆ. ಹೆಸರು ಗೊತ್ತಿಲ್ಲ.”

“ನೀರುಕಾಗೆ ಕಣ್ಲಾ. ರೆಕ್ಕೆ ಒಣಗುಸ್ಕತಾ ಐತೆ. ಇನ್ನೊಂದು?”

ಹೀಗೆ ಬಿಸಿಲೇರುವವರೆಗೆ ಕೂತೆವು. ನಾನು ಕಂಡದ್ದನ್ನು ಹೇಳುವುದು, ಅವನು ಅದರ ಹೆಸರು ಹೇಳುವುದು. ಹುಟ್ಟಿ ಬೆಳೆದ ಊರಿನ ಕೆರೆಯಲ್ಲಿ ನನಗೆ ಹೆಸರು ಗೊತ್ತಿದ್ದದ್ದು ಎಮ್ಮೆ ಒಂದಕ್ಕೇ!

ಹೊರಡುವಾಗ ಬೈಕು ಸ್ಟಾರ್ಟ್ ಆಗಲಿಲ್ಲ. ಒದ್ದೆ. ಮತ್ತೆ ಒದ್ದೆ. ಸುಟ್ಟದ್ದು ಯಂತ್ರವೊಂದೇ ಅಲ್ಲ, ಬೈಕಿನ ವೈರಿಂಗೂ. ಮೆಷಿನ್ನಿಗೆ ಕಿವಿಯಿಟ್ಟು ಕಾಯಿಲೆ ಹೇಳುವವನಿಗೆ ಅದೂ ಹೊಳೆಯಬೇಕಾದರೆ ಬೆವರಿಳಿಯಬೇಕಾಯಿತು.

“ಹ್ಯಾಂಡ್ಲು ನೀನ್ ಹಿಡ್ಕೊ. ನಾನ್ ನೂಕ್ತೀನಿ” ಎಂದ ಅಪ್ಪ.

“ನೀನಾ? ಬೇಡ ಅಪ್ಪಾ.”

“ನೂಕಕ್ಕೆ ಕಣ್ ಬೇಕಿಲ್ಲ, ಹಿಡಿ.”

ಏರಿಯ ಮೇಲೆ ನಾನು ಮುಂದೆ, ಅಪ್ಪ ಹಿಂದೆ. ಎದುರಿಗೆ ಸಿಕ್ಕ ಕೆಂಪಣ್ಣ ನಿಂತು ನೋಡಿ, “ಲೇ ಶಿವ, ಕಣ್ ಕಾಣದೋನ ಕೈಲಿ ಗಾಡಿ ನೂಕುಸ್ತೀಯಲ್ಲೋ!” ಎಂದ.

ಹಿಂದಿನಿಂದ ಅಪ್ಪನೇ ಕೂಗಿದ:

“ಮುಂದಿರೋನಿಗೂ ಕಾಣಲ್ಲ ಕಣಾ ಕೆಂಪಣ್ಣ! ನೀನೇ ಒಸಿ ದಾರಿ ಬುಟ್ಟು ನಿಂತ್ಕೊ!”