ಚೆರ್ಕಲೂಮೆ ಯಾವ ಬೆಡಗು?

ನಮ್ಮ ಕಡೆಯವರಿಗೆ ಅಡ್ಡಹೆಸರಿಲ್ಲ ಎಂಬ ಕೊರಗು ನನಗೆ ಬಹಳ ವರ್ಷಗಳಿಂದ ಇದೆ. ಅಡ್ಡಹೆಸರಿನ ಬದಲು ನಮಗೆ ಇನಿಷಿಯಲ್ ಎಂಬುದಿದೆ. ಊರಿನದೋ ಅಪ್ಪನದೋ ಒಂದು ತಲೆಯಕ್ಷರ, ಅದರ ಪಕ್ಕಕ್ಕೆ ಒಂದು ಚುಕ್ಕೆ, ಮುಗಿಯಿತು. ನಾನು ಲೈಬ್ರರಿಯನ್ ಆಗಿರುವ ವಿಜಯನಗರದ ಕಾಲೇಜಿನಲ್ಲಿ ಧಾರವಾಡದ ಕಡೆಯ ಉಳ್ಳಾಗಡ್ಡಿ ಮೇಷ್ಟ್ರು ಅಂತ ಇದ್ದಾರೆ. ಅವರು ಹೆಸರು ಹೇಳಿದರೆ ಸಾಕು, ಎದುರಿಗಿದ್ದವರ ಮುಖ ಅರಳುತ್ತದೆ. ಯಾಕೆ ಸಾರ್ ಆ ಹೆಸರು ಎಂದು ಕೇಳುತ್ತಾರೆ. ಮೇಷ್ಟ್ರು ತಮ್ಮ ಮುತ್ತಾತ ಈರುಳ್ಳಿ ಗಾಡಿ ಹೊಡೆದುಕೊಂಡು ಸಂತೆಗೆ ಹೋದ ಕಥೆ ಶುರು ಮಾಡುತ್ತಾರೆ, ಎಲ್ಲರ ಕಾಫಿ ತಣ್ಣಗಾಗುತ್ತದೆ. ನನ್ನ ಹೆಸರು ಹೇಳಿದರೆ ಯಾರೂ ಏನೂ ಕೇಳುವುದಿಲ್ಲ. ಬಹಳವೆಂದರೆ 'ಬಿ ಅಂದ್ರೆ ಬೆಂಗಳೂರಾ?' ಅನ್ನುತ್ತಾರೆ. ಅಲ್ಲ, ಬ್ಯಾಡರಹಳ್ಳಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಬಸ್ಸು ಬಂದಿರುತ್ತದೆ.

ಹಾಗೆಂದು ನಾನು ಪೂರ್ತಿ ಬರಿಗೈಯವನೂ ಅಲ್ಲ. ಬ್ಯಾಡರಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ನಮ್ಮ ವಂಶಕ್ಕೆ 'ಕೆಂಡದ ಮನೆಯವರು' ಎಂಬ ಹೆಸರಿತ್ತು. ಬೆಂಕಿಪೊಟ್ಟಣ ಕಾಣದಿದ್ದ ಆ ದಿನಗಳಲ್ಲಿ ನಮ್ಮ ಒಲೆ ಎಂದೂ ಆರುತ್ತಿರಲಿಲ್ಲವಂತೆ, ಬೆಳಗಾದರೆ ಇಡೀ ಊರಿನ ಹೆಂಗಸರು ಬಂದು ನಮ್ಮ ಒಲೆಯಿಂದಲೇ ಕೆಂಡ ಒಯ್ಯುತ್ತಿದ್ದರಂತೆ. ಇದನ್ನು ನನಗೆ ಯಾರು ಹೇಳಿದರು ಎಂದು ಕೇಳಬೇಡಿ, ನೆನಪಿಲ್ಲ. ಆದರೆ ಕೆಂಗೇರಿ ಉಪನಗರದ ನಮ್ಮ ಮನೆಯ ತಾರಸಿಯಲ್ಲಿ ಸಂಜೆ ಕುರ್ಚಿ ಹಾಕಿಕೊಂಡು ಕುಳಿತಾಗ ಆ ಒಲೆ ನನಗೆ ಚೆನ್ನಾಗಿಯೇ ಕಾಣಿಸುತ್ತದೆ. ಮುಂಜಾವದ ಮಂಜು, ಸೆರಗಿನೊಳಗೆ ಮಡಕೆಚೂರು ಹಿಡಿದು ಸಾಲಾಗಿ ಬರುವ ಹೆಂಗಸರು, ಬಾಗಿಲಲ್ಲಿ ನಿಂತು ಯಾರಿಗೂ ಇಲ್ಲ ಎನ್ನದೆ ಕೆಂಡ ಕೊಡುವ ನನ್ನ ಮುತ್ತಜ್ಜಿ. ದೂರದಲ್ಲಿ ಮೆಟ್ರೋ ಹಾದುಹೋದರೂ ಆ ಮಂಜು ಚದುರುವುದಿಲ್ಲ. ಹೆಂಡತಿ ಶಾರದಾ ಕೆಳಗಿನಿಂದ 'ರೀ, ಟ್ಯಾಂಕ್ ತುಂಬಿ ರಸ್ತೆಗೆ ಹರೀತಿದೆ, ಮೋಟ್ರು ಆಫ್ ಮಾಡ್ರೀ' ಎಂದು ಕೂಗಿದಾಗ ಮಾತ್ರ ಚದುರುತ್ತದೆ.

ನಮ್ಮ ಒಬ್ಬಳೇ ಮಗಳು ಸಿಂಧು ಕುಂಬಳಗೋಡಿನ ಆಚೆ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಬಿಸ್ಕತ್ತು ಎಷ್ಟು ಗರಿಗರಿಯಾಗಿರಬೇಕು ಎಂದು ತೀರ್ಮಾನಿಸುವ ಕೆಲಸ ಅಂತೆ. ಅದಕ್ಕೂ ಓದಬೇಕೇ ಎಂದು ಕೇಳಿ ಒಮ್ಮೆ ಬೈಸಿಕೊಂಡಿದ್ದೇನೆ. ಅಲ್ಲಿಗೆ ಹೊಸ ಯಂತ್ರಗಳನ್ನು ಕೂರಿಸಲು ಇಟಲಿಯಿಂದ ಮಾರ್ಕೊ ಎಂಬ ಹುಡುಗ ಬಂದ. ಕೂರಿಸಿದ ಮೇಲೆ ಹೋಗಬೇಕಾಗಿತ್ತು, ಹೋಗಲಿಲ್ಲ. ಚಂದ್ರಾ ಲೇಔಟಿನಲ್ಲಿ ಒಂದು ಮನೆ ಹಿಡಿದ, ಕೆಳಗಿನ ದರ್ಶಿನಿಯಲ್ಲಿ ಖಾರಾಬಾತು ತಿನ್ನುವುದನ್ನು ಕಲಿತ, 'ಸ್ವಲ್ಪ ಚಟ್ನಿ ಹಾಕಿ ಅಣ್ಣ' ಎನ್ನುವಷ್ಟು ಕನ್ನಡ ಕಲಿತ. ಇವನು ಊರಿಗೆ ಯಾಕೆ ಹೋಗಲಿಲ್ಲ ಎಂದು ಒಂದು ಭಾನುವಾರ ಸಿಂಧು ನಮಗೆ ವಿವರಿಸಿದಳು. ಶಾರದಾ ಅತ್ತಳು, ಆಮೇಲೆ ಅವನು ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಾನಾ ಎಂದು ಕೇಳಿದಳು. ಅಲ್ಲಿಗೆ ನಮ್ಮ ಮನೆಯಲ್ಲಿ ಒಪ್ಪಿಗೆ ಆದಂತೆಯೇ.

ಉಳಿದದ್ದು ಬ್ಯಾಡರಹಳ್ಳಿ. ಅಲ್ಲಿ ನನ್ನ ಸೋದರತ್ತೆ ಪುಟ್ಟತಾಯಮ್ಮ ಇದ್ದಾರೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ನಿಂತವರು, ರಾಗಿ ಹೊಲವಿದ್ದ ಜಾಗದಲ್ಲಿ ಮಹಡಿಯ ಮೇಲೆ ಮಹಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟು, ಕೆಳಗೆ ಕುಳಿತು ಬಾಡಿಗೆದಾರರನ್ನೂ ನಮ್ಮನ್ನೂ ಒಂದೇ ದನಿಯಲ್ಲಿ ಆಳುತ್ತಿರುವವರು. ನಾವಿಬ್ಬರೂ ಕೆಲಸಕ್ಕೆ ಹೋಗುತ್ತಿದ್ದ ವರ್ಷಗಳಲ್ಲಿ ಸಿಂಧುವನ್ನು ಎತ್ತಿ ಆಡಿಸಿದ್ದು, ಮುದ್ದೆ ನುಂಗಲು ಕಲಿಸಿದ್ದು, ಜ್ವರ ಬಂದರೆ ತೊಡೆಯ ಮೇಲೆ ಮಲಗಿಸಿಕೊಂಡದ್ದು ಅತ್ತೆಯೇ. 'ಅಜ್ಜಿ ಬೇಡ ಅಂದ್ರೆ ನಾನು ಮದುವೆ ಆಗಲ್ಲಪ್ಪ' ಎಂದಳು ಸಿಂಧು. ಅವಳು ಸುಮ್ಮನೆ ಮಾತಿಗೆ ಹೇಳುವ ಹುಡುಗಿಯಲ್ಲ. ನನಗೆ ಭಯವಾಯಿತು.

ಫೋನಿನಲ್ಲಿ ವಿಷಯ ತಿಳಿಸಿದೆ. ಅತ್ತೆ ಕೂಗಾಡಲಿಲ್ಲ. ಜಾತಿಯ ಮಾತೂ ಬಣ್ಣದ ಮಾತೂ ಎತ್ತಲಿಲ್ಲ. 'ಅದೆಲ್ಲ ಕಾಲ ಬದಲಾಗೈತೆ ಬಿಡು. ಹುಡ್ಗ ಯಾವ ಬೆಡಗು? ಅದನ್ನ ಹೇಳು' ಎಂದರು. ನಮ್ಮಲ್ಲಿ ಒಂದೇ ಬೆಡಗಿನವರು ಎಂದರೆ ಒಂದೇ ಬಳ್ಳಿಯವರು, ಅಣ್ಣತಮ್ಮಂದಿರು. ಹೆಣ್ಣು ಕೊಡುವಾಗ ಮೊದಲು ಅದನ್ನು ಕೇಳುವುದು, ಹಣ ಆಸ್ತಿ ಎಲ್ಲ ಆಮೇಲೆ. ಬೆಡಗು ಗೊತ್ತಿಲ್ಲದ ಗಂಡನ್ನು ಅತ್ತೆ ತಮ್ಮ ಜೀವಮಾನದಲ್ಲಿ ಒಪ್ಪಿಲ್ಲ. 'ಇಟಲೀಲಿ ಬೆಡಗು ಇರಲ್ಲ ಅತ್ತೆ' ಎಂದೆ. 'ಬೆಡಗು ಇಲ್ದೆ ಜನ ಹೆಂಗೋ ಹುಟ್ತಾರೆ? ಸರಿಯಾಗಿ ವಿಚಾರಿಸು' ಎಂದು ಫೋನಿಟ್ಟರು.

ವಿಚಾರಿಸಿದೆ. ಮುಂದಿನ ಭಾನುವಾರ ಮಾರ್ಕೊ ಮನೆಗೆ ಬಂದು, ಚಕ್ಕುಲಿಯನ್ನು ತನ್ನ ಕಾರ್ಖಾನೆಯ ಕಣ್ಣಿನಿಂದ ಪರೀಕ್ಷಿಸುತ್ತಾ, ತನ್ನ ಅಡ್ಡಹೆಸರು ಚೆರ್ಕಲೂಮೆ ಎಂದ. ಬೆಳಕು ಹುಡುಕುವವನು ಎಂದು ಅರ್ಥವಂತೆ. ನನ್ನ ಎದೆಯಲ್ಲಿ ಏನೋ ಹೊತ್ತಿಕೊಂಡಿತು. ಇಟಲಿಯಲ್ಲೂ ಅದು ಬಲು ಅಪರೂಪದ ಹೆಸರಂತೆ. ಬೆಟ್ಟದ ಮೇಲಿನ ಅವರ ಒಂದು ಊರಿನಲ್ಲಿ ಬಿಟ್ಟರೆ ಬೇರೆಲ್ಲೂ ಹುಟ್ಟಿದ್ದಲ್ಲ. ಅಲ್ಲಿನ ಸ್ಮಶಾನದ ಕಲ್ಲುಗಳ ಮೇಲೆ ಎಲ್ಲಿ ನೋಡಿದರೂ ಚೆರ್ಕಲೂಮೆಗಳೇ, ಜೀವಂತ ಇರುವವರು ಮಾತ್ರ ಬೆರಳೆಣಿಕೆಯ ಮನೆಯವರು. ಎಂದೋ ಕೆಲವರು ಹಡಗು ಹತ್ತಿ ಅರ್ಜೆಂಟೀನಾಕ್ಕೆ ಹೋದರಂತೆ, ಅಲ್ಲೊಂದು ಟೈರು ಅಂಗಡಿಗೆ ಈಗಲೂ ಆ ಹೆಸರಿದೆಯಂತೆ. ಇವನನ್ನು ಬಿಟ್ಟರೆ ಏಷ್ಯಾ ಖಂಡಕ್ಕೆಲ್ಲ ಒಬ್ಬ ಚೆರ್ಕಲೂಮೆಯೂ ಇರಲಾರ, ಇರುವ ಒಬ್ಬ ಚಂದ್ರಾ ಲೇಔಟಿನಲ್ಲಿ ಗ್ಯಾಸ್ ಸಿಲಿಂಡರ್ ಬುಕ್ ಮಾಡಿ ಕಾಯುತ್ತಿದ್ದಾನೆ ಎಂದು ನೆನೆದು ನನಗೆ ರೋಮಾಂಚನವಾಯಿತು.

'ಹೆಸರು ಹೇಗೆ ಬಂತಪ್ಪ?' ಎಂದು ಕೇಳಿದೆ. ಸಿಂಧು ಅನುವಾದ ಮಾಡುತ್ತಾ ಹೋದಳು. ಅದರಲ್ಲಿ ಅವನ ಮನೆಯಲ್ಲೇ ಒಮ್ಮತವಿಲ್ಲ. ತಾತನ ಪ್ರಕಾರ ಅವರ ಮೂಲಪುರುಷ ಇಗರ್ಜಿಯ ದೀಪ ನೋಡಿಕೊಳ್ಳುತ್ತಿದ್ದ ಪುಣ್ಯಾತ್ಮ. ಊರಿನ ಪಾದ್ರಿಯ ಪ್ರಕಾರ, ಯಾರ ಕಿಟಕಿಯಲ್ಲಿ ಬೆಳಕಿದೆ ಯಾರ ಕಿಟಕಿಯಲ್ಲಿ ಇಲ್ಲ ಎಂದು ನೋಡಿಕೊಂಡು ತಿರುಗುತ್ತಿದ್ದ ಕಳ್ಳ. ಅಜ್ಜಿಯ ಪ್ರಕಾರ ಪುಣ್ಯಾತ್ಮನೂ ಅಲ್ಲ, ಕಳ್ಳನೂ ಅಲ್ಲ, ಬರೀ ಜಿಪುಣ. ಎಣ್ಣೆ ಕೊಳ್ಳಲಾರದೆ ದಿನಾ ಸಂಜೆ ಪಕ್ಕದ ಮನೆಯವರ ದೀಪದ ಬುಡಕ್ಕೆ ಹೋಗಿ ಕೂರುತ್ತಿದ್ದನಂತೆ. ಇದನ್ನು ಹೇಳಿ ಮಾರ್ಕೊ ಮನಸಾರೆ ನಕ್ಕ. ತಮ್ಮ ವಂಶವನ್ನು ಹೀಗೆ ಹಗುರವಾಗಿ ಆಡಿಕೊಂಡು ನಗುವವರನ್ನು ಕಂಡರೆ ನನಗೆ ಅಸೂಯೆ.

ಆ ಸಂಜೆ ತಾರಸಿಯ ಮೇಲೆ ನಾನು ಎಲ್ಲೆಲ್ಲೋ ಹೋಗಿಬಂದೆ. ಅವರದು ಬೆಳಕು, ನಮ್ಮದು ಕೆಂಡ. ಎಲ್ಲಿಯ ಬೆಟ್ಟ, ಎಲ್ಲಿಯ ಮಾಗಡಿ ರಸ್ತೆ! ಆದರೂ ಯಾವುದೋ ಕಾಲದಲ್ಲಿ ಒಂದೇ ಒಲೆಯ ಮುಂದೆ ಕುಳಿತಿದ್ದ ಅಣ್ಣತಮ್ಮಂದಿರು ಆಳಿಗೊಂದು ಕೆಂಡ ಹಂಚಿಕೊಂಡು, ಒಬ್ಬ ಪಡುವಣಕ್ಕೆ ಒಬ್ಬ ತೆಂಕಣಕ್ಕೆ ನಡೆಯುತ್ತಾ ಹೋಗಿರಬಾರದೇಕೆ? ಮರಳುಗಾಡು, ಸಮುದ್ರ, ಕಣಿವೆ, ಊದುತ್ತಾ ಊದುತ್ತಾ ಕೆಂಡ ಕಾಪಾಡಿಕೊಂಡು ನಡೆಯುವ ಇಬ್ಬರು. ಇಷ್ಟು ಸೊಗಸಾದ್ದು ಸುಳ್ಳಾಗಿರಲು ಸಾಧ್ಯವಿಲ್ಲ ಎಂದು ನನಗೆ ಅನ್ನಿಸಿಬಿಟ್ಟಿತು. ಅತ್ತೆಗೆ ಹೇಳಲು ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಶಾರದಾಗೆ ಮೊದಲೇ ಹೇಳಿದ್ದರೆ ಅವಳು ತಡೆಯುತ್ತಿದ್ದಳು. ಅದಕ್ಕೇ ಹೇಳಲಿಲ್ಲ.

ಎಲ್ಲರೂ ಬ್ಯಾಡರಹಳ್ಳಿಗೆ ಹೋದೆವು. ಮಾರ್ಕೊ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದ. ಅತ್ತೆ ಕನ್ನಡಕ ಏರಿಸಿ, 'ಏನೋ, ವಿಚಾರಿಸಿದ್ಯಾ?' ಎಂದರು. ನಾನು ಗಂಟಲು ಸರಿಮಾಡಿಕೊಂಡು ಚೆರ್ಕಲೂಮೆಯ ಇಡೀ ಪುರಾಣವನ್ನು, ಕಳ್ಳನನ್ನೂ ಜಿಪುಣನನ್ನೂ ಬಿಟ್ಟು, ಹೇಳಿದೆ. ಕೊನೆಗೆ, 'ಒಟ್ನಲ್ಲಿ ಅವರೂ ಒಂಥರಾ ಕೆಂಡದ ಮನೆಯವರೇ ಅತ್ತೆ. ಮೂಲದಲ್ಲಿ ನಮ್ಮೋರೇ' ಎಂದು ಮುಗಿಸಿದೆ.

ಅತ್ತೆಯ ಮುಖ ಊರಗಲವಾಯಿತು. 'ಹೌದೇನೋ! ನಮ್ಮೋರಾ!' ಎಂದು ಮಾರ್ಕೊನ ಗಲ್ಲ ಸವರಿ ಲಟಿಕೆ ಮುರಿದರು. ಒಳಗಿನಿಂದ ಕಜ್ಜಾಯ ತರಿಸಿದರು. ಸಿಂಧುವಿನ ಕಣ್ಣು ಹೊಳೆಯಿತು, ನಾನು ಶಾರದಾ ಕಡೆ ಹೆಮ್ಮೆಯಿಂದ ನೋಡಿದೆ. ಆಗ ಅತ್ತೆ ಹೇಳಿದರು: 'ಈ ಮಗೀಗೆ ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮ ಕೊಡೋಕೆ ಒಬ್ಬ ಅಣ್ಣ ಇಲ್ವಲ್ಲ ಅಂತ ನಂಗೆ ಕೊರಗಿತ್ತು. ದೇವರು ಇಟಲಿಯಿಂದ ಕಳಿಸವ್ನೆ. ಸಿಂಧೂ, ನಿಮ್ಮಣ್ಣಂಗೆ ಇನ್ನೆರಡು ಕಜ್ಜಾಯ ಹಾಕವ್ವ.'

ಸಿಂಧುವಿನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. 'ಅತ್ತೆ, ಮದುವೆ...' ಎಂದೆ. 'ಮದುವೆ ಎಲ್ಲಿಂದ ಬಂತು? ಒಂದೇ ಬೆಡಗು ಅಂತ ನೀನೇ ಹೇಳ್ದೆ. ಅಣ್ಣ ತಂಗಿಗೆ ಯಾರಾದ್ರೂ ಮದುವೆ ಮಾಡ್ತಾರೇನೋ, ಓದಿದೋನೆ!' ಮಾರ್ಕೊ ಏನೂ ಅರ್ಥವಾಗದೆ ನಗುತ್ತಾ ಕಜ್ಜಾಯ ತಿನ್ನುತ್ತಿದ್ದ.

ವಾಪಸು ಬರುವಾಗ ನಾಗರಭಾವಿ ಸಿಗ್ನಲ್ಲಿನಲ್ಲಿ ಶಾರದಾ, 'ಬೇರೆ ಬೆಡಗು ಅಂದಿದ್ರೆ ಸಾಕಾಗಿತ್ತು ಕಣ್ರೀ' ಎಂದಳು. ಆ ವಾರವಿಡೀ ಸಿಂಧು ಸರಿಯಾಗಿ ಊಟ ಮಾಡಲಿಲ್ಲ. ನನ್ನನ್ನು ಬೈಯಲೂ ಇಲ್ಲ, ಅದೇ ನನಗೆ ಹೆಚ್ಚು ಸಂಕಟ. ಒಂದು ಸೊಗಸಾದ ಕಲ್ಪನೆಗಾಗಿ ಮಗಳ ಬಾಳನ್ನೇ ಹಾಳು ಮಾಡಿದೆನಲ್ಲ ಎಂದು ಲೈಬ್ರರಿಯ ಕಪಾಟುಗಳ ಮಧ್ಯೆ ನಿಂತು ಕಣ್ಣೊರೆಸಿಕೊಂಡೆ. ಅತ್ತೆಗೆ ಫೋನು ಮಾಡಿ, ಅದೆಲ್ಲ ನಾನು ಸುಮ್ಮನೆ ಊಹಿಸಿದ್ದು ಎಂದೆ. 'ಬೆಡಗಲ್ಲಿ ಊಹೆ ಏನೋ ಬಂತು? ನನ್ನ ಒಪ್ಪಿಸೋಕೆ ಈಗ ಮಾತು ತಿರುಗಿಸ್ತಾ ಇದೀಯ' ಎಂದರು. ಸಿಂಧು ಊಟ ಬಿಟ್ಟಿದ್ದಾಳೆ ಎಂದೆ. ಅತ್ತೆಯ ದನಿ ಇಳಿಯಿತು. 'ಭಾನುವಾರ ಎಲ್ರೂ ಬನ್ನಿ. ನಾನೇ ಕೇಳ್ತೀನಿ. ನೀನು ಮಾತ್ರ ಬಾಯಿ ಬಿಡಬೇಡ.'

ಭಾನುವಾರ ಅತ್ತೆ ಮಾರ್ಕೊನನ್ನು ಎದುರಿಗೆ ಕೂರಿಸಿಕೊಂಡರು. ಬಾಯಲ್ಲಿ ಎಲೆಯಡಿಕೆ, ಕಣ್ಣು ಸಿಂಧುವಿನ ಬಾಡಿದ ಮುಖದ ಮೇಲೆ. 'ಮಗಾ, ನಿಮ್ಮೋರು ಬೆಳಕು ಹುಡುಕ್ಕೊಂಡು ಯಾರ ಮನೆಗೆ ಹೋಗ್ತಿದ್ರು?' ಸಿಂಧು ಸಣ್ಣ ದನಿಯಲ್ಲಿ ಅನುವಾದಿಸಿದಳು. ಮಾರ್ಕೊ ತನಗೆ ಬರುವ ಕನ್ನಡದಲ್ಲೇ, 'ಪಕ್ಕದ ಮನೆ, ಅಜ್ಜಿ. ಡೈಲಿ. ಎಣ್ಣೆ ಇಲ್ಲ, ಕಾಸು ಬಿಚ್ಚಲ್ಲ' ಎಂದ.

ಅತ್ತೆ ನಿಧಾನವಾಗಿ ಎಲೆ ಅಗಿದರು. ಆಮೇಲೆ ತೀರ್ಪು ಹೇಳಿದರು. 'ಹಂಗಾದ್ರೆ ಇವರು ಕೇಳೋರು. ನಾವು ಕೆಂಡ ಕೊಡೋರು. ಕೇಳೋರೂ ಕೊಡೋರೂ ಒಂದೇ ಮನೇಲಿ ಇರೋಕಾಯ್ತದಾ? ಕೇಳ್ಬೇಕು ಅಂದ್ರೆ ಹೊಸ್ಲು ದಾಟ್ಬೇಕಲ್ಲ! ಬೆಡಗು ಬೇರೆ. ಹೆಣ್ಣು ಕೊಡಬೋದು.' ಸಿಂಧು ಎದ್ದು ಹೋಗಿ ಅತ್ತೆಯ ಕುತ್ತಿಗೆಗೆ ಜೋತುಬಿದ್ದಳು. ಶಾರದಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ನಾನು ಮಾತ್ರ ಒಳಗೊಳಗೇ ಬೀಗುತ್ತಿದ್ದೆ. ಎಷ್ಟೆಂದರೂ ಮದುವೆಯನ್ನು ಉಳಿಸಿದ್ದು ನಮ್ಮ ಮುತ್ತಜ್ಜಿಯ ಔದಾರ್ಯವೇ ತಾನೆ!

ಪಾಯಸಕ್ಕೆಂದು ಅತ್ತೆ ಸ್ಟೌವಿನ ಮೇಲೆ ಹಾಲಿಟ್ಟು, ನನಗೂ ಮಾರ್ಕೊಗೂ ನೋಡುತ್ತಿರಲು ಹೇಳಿ, ಹೆಂಗಸರನ್ನು ಕರೆದುಕೊಂಡು ಬೀರುವಿನ ಸೀರೆ ತೋರಿಸಲು ಒಳಗೆ ಹೋದರು. ಅಡುಗೆಮನೆಯ ಕಿಟಕಿಯಿಂದ ಮಾಗಡಿ ರಸ್ತೆಯ ಮೇಲಿನ ಆಕಾಶ ಕಾಣುತ್ತಿತ್ತು. ಕಟ್ಟಡಗಳ ಹಿಂದೆ ಮೋಡಗಳು ಕೆಂಪಾಗುತ್ತಿದ್ದವು. ತನ್ನ ಊರಿನಲ್ಲೂ ಈ ಹೊತ್ತಿಗೆ ಹೀಗೇ, ಬೆಟ್ಟದ ಮೇಲೆ ಅಲ್ಲೊಂದು ಇಲ್ಲೊಂದು ಕಿಟಕಿಯಲ್ಲಿ ದೀಪ ಹತ್ತುತ್ತದೆ, ಉಳಿದ ಮನೆಗಳಿಗೆ ಬೀಗ ಎಂದ ಮಾರ್ಕೊ. ದೀಪ ಹತ್ತಿದ ಕಿಟಕಿಗಳಲ್ಲಿ ಒಂದು ಅವನ ಅಜ್ಜಿಯದಂತೆ. ಇಬ್ಬರೂ ಕಿಟಕಿಯ ಸರಳು ಹಿಡಿದು ಸುಮ್ಮನೆ ನಿಂತೆವು. ಒಂದು ಮೋಡ ಹಡಗಿನ ಹಾಗೆ ನಿಧಾನವಾಗಿ ಕೆಂಗೇರಿಯ ಕಡೆ ಹೋಗುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ.

ಹಾಲು ಉಕ್ಕಿ, ಉರಿ ನಂದಿ, ಕಟ್ಟೆಯಿಂದ ನೆಲಕ್ಕೆ ಹರಿದು, ಗ್ಯಾಸ್ ವಾಸನೆ ಒಳಕೋಣೆಗೆ ಮುಟ್ಟಿದಾಗ ಅತ್ತೆಯೇ ಓಡಿಬಂದು ಸ್ಟೌ ಆರಿಸಿದರು. ಕಿಟಕಿಯ ಬಳಿ ನಿಂತಿದ್ದ ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದರು.

'ಕೊಡೋರಂತೆ ಕೊಡೋರು! ನಮ್ಮಜ್ಜಿಯ ಅತ್ತೆ ಒಲೆ ಮುಂದೆ ಕೂತು ಮೋಡ ನೋಡ್ಕೊಂಡು ದಿನಾ ಬೆಂಕಿ ಆರಿಸೋಳಂತೆ. ಮಡಕೆಚೂರು ಹಿಡ್ಕೊಂಡು ಮನೆ ಮನೆಗೂ ಕೆಂಡ ಕೇಳ್ಕೊಂಡು ಅಲೆಯೋಳು. ಊರೋರು ಆಡ್ಕೊಂಡು ಇಟ್ಟ ಹೆಸರು ಕಣೋ ಅದು. ನೀನು ಹೇಳ್ದಾಗ ಬರೀ ಕೇಳಿದ್ದೆ, ಈಗ ಕಣ್ಣಾರೆ ಕಂಡೆ. ಇವನೂ ನೀನೂ ಒಂದೇ ಬೆಡಗು. ಮಗೀನ ಮುಖ ನೋಡಿ ಒಂದು ಸುಳ್ಳು ಹೇಳಿದೀನಿ, ಬಾಯಿ ಮುಚ್ಕೊಂಡಿರು.'

ಇಷ್ಟು ಹೇಳಿ ಒಂದು ಹಳೇ ಬಟ್ಟೆ ನನ್ನ ಕೈಗೆ ತುರುಕಿ ಹೊರಟುಹೋದರು. ಮಾರ್ಕೊ ಅಪರಾಧಿಯ ಮುಖ ಮಾಡಿಕೊಂಡು, 'ಮಾವ, ಅಜ್ಜಿ ಏನಂದ್ರು?' ಎಂದ.

'ಹಾಲು ಉಕ್ಕಿದ್ರೆ ಮದುವೆಗೆ ಶುಭ ಅಂದ್ರು ಕಣಪ್ಪ' ಎಂದು ಹೇಳಿ, ನೆಲ ಒರೆಸಲು ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತೆ.