ನಕ್ಷೆಯಲ್ಲಿಲ್ಲದ ಅಮ್ಮ

ಆಷಾಢದ ಆ ಬೆಳಿಗ್ಗೆ ಗಾಳಿ ಮಾಕಳಿ ಊರಿನ ಮೇಲೆ ಮುನಿಸಿಕೊಂಡವರಂತೆ ಬೀಸುತ್ತಿತ್ತು. ಮಳೆ ನಾಲ್ಕು ಹನಿ ಉದುರಿಸುವುದು, ಆಮೇಲೆ ಮನಸ್ಸು ಬದಲಿಸಿ ನೆಲಮಂಗಲದ ಕಡೆ ಹೋಗಿಬಿಡುವುದು. ತುಮಕೂರು ರಸ್ತೆಯ ಮೇಲ್ಸೇತುವೆಯಿಂದ ಇಳಿದ ದಾರಿ ಸರ್ವೀಸ್ ರಸ್ತೆಯನ್ನು ಕೂಡುವಲ್ಲಿ, ತಾನೇ ಕಟ್ಟಿಸಿದ ಸರ್ಕಲ್ಲಿನ ಎದುರು ಎಂಜಿನಿಯರ್ ಅನಂತರಾಜು ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದ.

ಹನ್ನೊಂದಕ್ಕೆ ದೊಡ್ಡ ಸಾಹೇಬರು ವೆಂಕಟರಾಮಯ್ಯನವರು ಪರಿಶೀಲನೆಗೆ ಬರುವವರಿದ್ದರು. ಅಲ್ಲಿ ಸಿಗ್ನಲ್ ಇದ್ದಾಗ ಹಸಿರು ತಪ್ಪೀತೆಂದು ಮೇಲಿನಿಂದ ನುಗ್ಗುತ್ತಿದ್ದ ಲಾರಿಗಳು ತಿಂಗಳಿಗೊಬ್ಬರ ಕಾಲು ಮುರಿಯುತ್ತಿದ್ದವು. ಕಂಬ ಕೀಳಿಸಿ ಸರ್ಕಲ್ ಮಾಡಿಸಿ ಎಂದು ಎರಡು ವರ್ಷ ಕಾಡಿದವನು ಅನಂತರಾಜು. ಸರ್ಕಲ್ಲಾಗಿ ಆರು ವಾರ. ಯಾರ ಕಿರುಬೆರಳೂ ಮುರಿದಿರಲಿಲ್ಲ. ಇವತ್ತು ಸಾಹೇಬರು ಒಪ್ಪಿದರೆ ಸರ್ಕಲ್ಲು ಉಳಿಯುತ್ತದೆ. ಇಲ್ಲದಿದ್ದರೆ ಸೋಮವಾರವೇ ಸಿಗ್ನಲ್ ಕಂಬ ವಾಪಸ್ಸು, ಅನಂತರಾಜುವಿಗೆ ಹೆಸರು ಕೇಳದ ಊರಿಗೆ ವರ್ಗ.

ತೊಂದರೆಯೆಲ್ಲ ಒಂದು ಮೊಳದ ಕಲ್ಲಿನದು. ಅಳತೆಗೆಂದು ಸರ್ಕಲ್ಲಿನ ನಟ್ಟನಡುವೆ ಅವನೇ ನೆಟ್ಟ ಕಲ್ಲು. ಒಂದು ದಿನ ಯಾರೋ ಅರಿಶಿನ ಬಳಿದರು. ಮರುದಿನ ಕುಂಕುಮ. ಮೂರನೆಯ ದಿನ ಬೆಳ್ಳಿ ಕಣ್ಣು ಬಂತು. ಈಗ ಅದು ಸರ್ಕಲ್ಲಮ್ಮ. ಹೆದ್ದಾರಿ ಹತ್ತುವ ಗಾಡಿಗಳೆಲ್ಲ ಅಮ್ಮನನ್ನು ಬಲಕ್ಕಿಟ್ಟು ಸುತ್ತಿ, ಹಾರ್ನಿನಲ್ಲೇ ಕೈಮುಗಿದು ಹೋಗುತ್ತಿದ್ದವು.

ಆದರೆ ಇಲಾಖೆಯ ನಕ್ಷೆಯಲ್ಲಿ ಅಮ್ಮನಿರಲಿಲ್ಲ. ಸಾಹೇಬರು ಕಂಡರೆ ಏನು ಗತಿ? ಒಂಬತ್ತಕ್ಕೆ ಅನಂತರಾಜು ಹಾರೆ ತಂದ.

"ಬೇಡ ಸಾರ್," ಎಂದ ಪಕ್ಕದಲ್ಲಿ ಆಟೋ ನಿಲ್ಲಿಸಿಕೊಂಡಿದ್ದ ಜೀಷಾನ್. "ಅಮ್ಮ ಇರೋದಕ್ಕೇ ಎಲ್ರೂ ಒಂದೇ ಕಡೆ ಸುತ್ತೋದು. ಉಲ್ಟಾ ಸುತ್ತಿದ್ರೆ ದೋಷ ಅಂತ ಭಯ."

"ಬಾಣದ ಗುರುತು ಬರ್ಸಿದ್ದೀನಲ್ಲಪ್ಪ. ಬೋರ್ಡೂ ಇದೆ."

"ಬೋರ್ಡ್‌ಗೆ ಕಣ್ಣಿಲ್ಲ ಸಾರ್. ಅಮ್ಮಂಗೆ ಐತೆ."

ಅನಂತರಾಜು ಕೇಳಲಿಲ್ಲ. ಕಲ್ಲು ಅಲುಗಿ ಮೇಲೆದ್ದಾಗ ಮಾತ್ರ ಕಣ್ಣು ಮುಚ್ಚಿ ಮೂರು ಸಲ ಗಲ್ಲ ಬಡಿದುಕೊಂಡ. ಗೋಣಿಚೀಲ ಹೊದಿಸಿ ಸಾಮಾನಿನ ಶೆಡ್ಡಿನಲ್ಲಿ ಕೂರಿಸಿದ.

ಹತ್ತು ಗಂಟೆಗೆ ಹಾಲಿನ ವ್ಯಾನೊಂದು ಬಂತು. ಅದರ ಡ್ರೈವರು ನಡುವೆ ಕಣ್ಣುಹಾಯಿಸಿದ. ಅಮ್ಮನಿಲ್ಲ. ಬಲಕ್ಕೆ ಹೋಗಬೇಕಾದವನು ಮುಕ್ಕಾಲು ಸುತ್ತು ಯಾಕೆ ಬಳಸಲಿ ಎಂದು ಸೀದಾ ಬಲಕ್ಕೇ ತಿರುಗಿಸಿದ. ಎದುರಿಗೆ ಕಾಲೇಜು ಬಸ್ಸು, ಅದರ ಬೆನ್ನಿಗೆ ಕಬ್ಬಿಣದ ಲಾರಿ. ಒಂದೇ ಬುಟ್ಟಿಗೆ ತುರುಕಿದ ಕೋಳಿಗಳಂತೆ ಗಾಡಿಗಳು ಅರಚಿಕೊಂಡವು. ಸೈಕಲ್ಲಿನ ಮುದುಕರೊಬ್ಬರು ಲಾರಿಯ ಚಕ್ರಕ್ಕೆ ಗೇಣು ದೂರದಲ್ಲಿ ಬಿದ್ದು, ದೇವರು ದೊಡ್ಡವನು, ಎದ್ದರು.

ಶೆಡ್ಡಿನ ಕಡೆ ಓಡಿದ ಅನಂತರಾಜುವಿಗೆ ಸೊಣ್ಣಮ್ಮಜ್ಜಿ ಅಡ್ಡ ಸಿಕ್ಕಿದಳು. ಪಕ್ಕದ ಜಮೀನಿನ ಯಜಮಾನಿ. ಆ ಕಲ್ಲಿಗೆ ದಿನವೂ ನೀರೆರೆಯುವವಳು.

"ಎಲ್ಲಪ್ಪಾ ಅಮ್ಮ?"

"ಶೆಡ್ಡಲ್ಲಿದೆ ಅಜ್ಜಿ. ಈಗ್ಲೇ ತಂದು ನೆಟ್ಬಿಡ್ತೀನಿ."

"ಕೀಳಾಕೆ ಯಾರ್ನೂ ಕೇಳ್ಲಿಲ್ಲ. ನೆಡಾಕೆ ಮುಹೂರ್ತ ಬ್ಯಾಡ್ವಾ? ಆಸಾಡದಾಗೆ ಯಾರಾನಾ ಪ್ರತಿಷ್ಠೆ ಮಾಡ್ತಾರಾ? ಸ್ರಾವಣಕ್ಕೆ ಇನ್ನೂ ಇಪ್ಪತ್ತೆಂಟು ದಿನ ಐತೆ."

"ಅಲ್ಲೀವರ್ಗೂ ಏನ್ಮಾಡ್ಲಿ?"

"ಇಂಗೆ ಬರಿದು ಬಿಡಂಗಿಲ್ಲ. ಕಿತ್ತೋನೇ ನಿಂತ್ಕಬೇಕು."

ಅಷ್ಟರಲ್ಲಿ ಮೇಲಿನಿಂದ ಇನ್ನೊಂದು ಲಾರಿ ಇಳಿಯುತ್ತಿತ್ತು. ಯೋಚಿಸಲು ಹೊತ್ತಿರಲಿಲ್ಲ. ಅನಂತರಾಜು ಸರ್ಕಲ್ಲಿನ ನಡುವೆ ಕಲ್ಲಿದ್ದ ದಿಬ್ಬ ಹತ್ತಿ, ನಿಲ್ಲಿ ಎಂದು ಬಲಗೈ ಎತ್ತಿದ. ಈ ಕಡೆಯಿಂದ ಬನ್ನಿ ಎಂದು ಎಡಗೈ ಇಳಿಸಿದ. ಹಿಂದೆಯೇ ಬಂದ ಸೊಣ್ಣಮ್ಮಜ್ಜಿ ಅವನ ಹಣೆಗೆ ಕಾಸಗಲ ಕುಂಕುಮವಿಟ್ಟು, ತಂದಿದ್ದ ಚೆಂಡುಹೂವಿನ ಹಾರ ಕೊರಳಿಗೆ ಹಾಕಿದಳು.

ಲಾರಿಯವನು ನೋಡಿದ. ತಣ್ಣಗೆ ಎಡಕ್ಕೆ ಹೊರಳಿಸಿ ಸುತ್ತಿದ. ಹಾಲಿನ ವ್ಯಾನು ಹಿಂದೆ ಸರಿಯಿತು, ಬಸ್ಸು ದಾರಿ ಬಿಟ್ಟಿತು. ಅರ್ಧ ಗಂಟೆಯಲ್ಲಿ ಗಾಡಿಗಳು ಗಾಣದ ಎತ್ತಿನಷ್ಟು ಶಿಸ್ತಾಗಿ ಸುತ್ತತೊಡಗಿದವು. ಅನಂತರಾಜು ಕೈ ಇಳಿಸಲು ಹೆದರಿದ.

ಹನ್ನೊಂದಕ್ಕೆ ಸಾಹೇಬರ ಕಾರು ಬಂತು. ಒಂದು ಸುತ್ತು ಹಾಕಿತು. ಎರಡು. ಮೂರು. ಹುಳುಕು ಹುಡುಕುತ್ತಿದ್ದಾರೆಂದುಕೊಂಡು ಅನಂತರಾಜು ಎತ್ತಿದ ಕೈಯನ್ನು ಇನ್ನೂ ನೆಟ್ಟಗೆ ಮಾಡಿದ. ಕಾರು ಬದಿಗೆ ನಿಂತಿತು. ಚಪ್ಪಲಿ ಕಾರಿನಲ್ಲೇ ಬಿಟ್ಟು, ವೆಂಕಟರಾಮಯ್ಯನವರು ಬರಿಗಾಲಲ್ಲಿ ನಡೆದು ಬಂದರು. ಕೈಯಲ್ಲಿ ತೆಂಗಿನಕಾಯಿ.

"ಎಲ್ಲೂ ಬ್ರೇಕ್ ಒತ್ತಲಿಲ್ಲ ಕಣ್ರೀ. ಸರ್ಕಲ್ ಖಾಯಂ," ಎಂದರು. "ಅಮ್ಮ ಎಲ್ಲಿ? ನಮ್ಮನೆಯವ್ರು ಹರಕೆ ಹೊತ್ತಿದ್ರು, ಮೂರು ಸುತ್ತು, ಒಂದು ಕಾಯಿ."

"ಸ್ರಾವಣದ ಗಂಟ ಇವ್ನೇ ಸ್ವಾಮಿ," ಎಂದಳು ಸೊಣ್ಣಮ್ಮಜ್ಜಿ.

ಸಾಹೇಬರು ಅವನನ್ನು ಹಾರದಿಂದ ಬೂಟಿನವರೆಗೆ ನೋಡಿದರು.

"ಸಾರ್, ನಾನು ಇಳಿದು ಬಂದು ಎಲ್ಲಾ..."

"ಇಳೀಬೇಡ್ರೀ. ಗಾಡಿ ಓಡಾಡ್ತಾ ಇದಾವೆ. ಇಪ್ಪತ್ತೆಂಟು ದಿನ ಇಲ್ಲೇ ನಿಮ್ಮ ಡ್ಯೂಟಿ, ಸಂಜೆ ಆರ್ಡರ್ ಕಳಿಸ್ತೀನಿ. ಬೂಟು ಮಾತ್ರ ಬಿಚ್ಚಿ."

ಅನಂತರಾಜು ಬೂಟು ಬಿಚ್ಚಿದ. ಸಾಹೇಬರು ಸರ್ಕಲ್ಲಿನ ಕಟ್ಟೆಯಂಚಿಗೆ ಕಾಯಿ ಒಡೆದು, ಎರಡೂ ಹೋಳನ್ನು ಅವನ ಪಾದದ ಬಳಿ ಇಟ್ಟು, ಕಣ್ಣು ಮುಚ್ಚಿ ಬೊಗಸೆಯೊಡ್ಡಿ ನಿಂತರು. ನಿಂತೇ ಇದ್ದರು.

ಎಡಗೈಯನ್ನು ಗಾಡಿಗಳ ಕಡೆಗೇ ಚಾಚಿಕೊಂಡು ಅನಂತರಾಜು ಬಗ್ಗಿದ. ಒಂದು ಹೋಳನ್ನೆತ್ತಿ, ಸದ್ದಿಲ್ಲದೆ ಸಾಹೇಬರ ಬೊಗಸೆಯಲ್ಲಿಟ್ಟ.