ಬೋರ್ಡಿನಲ್ಲಿ ಹಿಡಿಯದ ಚರಿತ್ರೆ

ತಪ್ಪೆಲ್ಲ ಗೇಟಿನ ಪಕ್ಕದ ಕರಿಹಲಗೆಯದು. ಅದು ಇನ್ನೊಂದು ಗೇಣು ಅಗಲವಿದ್ದಿದ್ದರೆ ಸಹಾಯಕ ಗ್ರಂಥಪಾಲಕರಿಗೆ ಈ ಗತಿ ಬರುತ್ತಿರಲಿಲ್ಲ.

ಅಂದು ಸಂಜೆ ಗ್ರಂಥಾಲಯದಲ್ಲಿ ಐತಿಹಾಸಿಕ ಕಾದಂಬರಿಗಾರ್ತಿಯೊಬ್ಬರ ಉಪನ್ಯಾಸ. ವಿಷಯ, 'ಚರಿತ್ರೆ ಮರೆತ ಹೆಂಗಸರು'. ಹಿಂದಿನ ಉಪನ್ಯಾಸಕ್ಕೆ ಬಂದವರು ಮೂವರು. ಅವರಲ್ಲೊಬ್ಬ ಫ್ಯಾನ್ ರಿಪೇರಿಗೆ ಬಂದವನು. ಅದಕ್ಕೇ ಬೆಳಿಗ್ಗೆ ಮುಖ್ಯಸ್ಥರು ಕರೆದು, "ಇವತ್ತು ಐವತ್ತು ಜನ ಸೇರ್ಲಿಲ್ಲ ಅಂದ್ರೆ ನಾಳೆಯಿಂದ ನಿಮ್ಮ ಕುರ್ಚಿ ನೆಲಮಾಳಿಗೆಗೆ" ಎಂದಿದ್ದರು. ನೆಲಮಾಳಿಗೆ ಎಂದರೆ ಹಳೆಯ ಪತ್ರಿಕೆಗಳ ರಾಶಿ. ಸಹಾಯಕರದೋ ಧೂಳೆಂದರೆ ಆಗದ ಮೂಗು. ಒಂದು ಕಟ್ಟು ಬಿಚ್ಚಿದರೆ ಹದಿಮೂರು ಸೀನು ಗ್ಯಾರಂಟಿ. ಇದನ್ನು ಮುಖ್ಯಸ್ಥರಿಗೆ ಹತ್ತು ಸಲ ಹೇಳಿಯೂ ಆಗಿತ್ತು.

ಸೀಮೆಸುಣ್ಣ ಹಿಡಿದು ಬರೆದರೆ, 'ಹೆಂಗ' ಎನ್ನುವಷ್ಟರಲ್ಲಿ ಹಲಗೆಯೇ ಮುಗಿದುಹೋಯಿತು.

"ಆ ಮೊದಲ್ನೇದನ್ನ ಒರೆಸಿಬಿಡಿ ಸಾರ್," ಎಂದ ಕಾವಲುಗಾರ, ಕೇಳದೆಯೇ. "ಚರಿತ್ರೆ ಅಂದ್ರೆ ಬರೋರೂ ಓಡಿಹೋಗ್ತಾರೆ."

"ಕೆಳಗೆ 'ಎಲ್ಲರಿಗೂ ಉಚಿತ' ಅಂತ ಸೇರ್ಸಿ," ಎಂದು ಕಿಟಕಿಯಿಂದ ಟೈಪಿಸ್ಟ್ ಕೂಗಿದಳು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಸಹಾಯಕರು ಇಬ್ಬರ ಮಾತನ್ನೂ ಕೇಳಿದರು. ಕೊನೆಗೆ ಹಲಗೆಯ ಮೇಲೆ ಉಳಿದದ್ದು ಇಷ್ಟು: 'ಮರೆತ ಹೆಂಗಸರು. ಸಂಜೆ ನಾಲ್ಕಕ್ಕೆ. ಎಲ್ಲರಿಗೂ ಉಚಿತ.'

ಮೂರೂವರೆಗೇ ಸಭಾಂಗಣ ತುಂಬಿತು. ಬಂದವರೆಲ್ಲ ಅಜ್ಜಿಯರು. ಸಹಾಯಕರು ಹಿಗ್ಗಿನಿಂದ ಎಣಿಸಿದರು: ಅರವತ್ತೆರಡು! ಅಷ್ಟರಲ್ಲಿ ಮುಂದಿನ ಸಾಲಿನ ದಪ್ಪ ಕನ್ನಡಕದ ಅಜ್ಜಿ ಅವರ ಕೈ ಹಿಡಿದೆಳೆದರು.

"ಡಾಕ್ಟ್ರಮ್ಮ ಎಷ್ಟೊತ್ತಿಗೆ ಬರ್ತಾರಪ್ಪ? ಮನೇಲಿ ನಲ್ಲಿ ನಿಲ್ಸಿದ್ನೋ ಇಲ್ವೋ, ನೆನಪಾಗ್ತಿಲ್ಲ."

"ಯಾವ ಡಾಕ್ಟ್ರು?"

"ಮರೆವಿಗೆ ಔಷಧಿ ಕೊಡೋರು. ನೀವೇ ಬರೆದಿದೀರಲ್ಲ, ಮರೆತ ಹೆಂಗಸರು ಅಂತ! ಗೇಟಿನವನ್ನ ಕೇಳಿದ್ರೆ ಅವನೂ ಹೌದು ಅಂದ."

"ಮೊದ್ಲು ನನ್ನ ನಾದಿನಿಗೆ ಕೊಡಿ," ಎಂದರು ಪಕ್ಕದಾಕೆ. "ಕುಕ್ಕರ್ ಇಸ್ಕೊಂಡು ಒಂಬತ್ತು ವರ್ಷ ಆಯ್ತು. ಮರೆತೇಹೋಯ್ತಂತೆ!"

ಹಲಗೆಯ ಮೇಲಿನ ಎಡವಟ್ಟು ಸಹಾಯಕರಿಗೆ ಈಗ ಹೊಳೆಯಿತು. ನಿಜ ಹೇಳಿದರೆ ಸಭಾಂಗಣ ಖಾಲಿ, ಹೇಳದಿದ್ದರೆ ಮರ್ಯಾದೆ ಖಾಲಿ. ಯಾವುದು ಲೇಸೆಂದು ಯೋಚಿಸುವಷ್ಟರಲ್ಲಿ ಕಾದಂಬರಿಗಾರ್ತಿ ಬಂದೇಬಿಟ್ಟರು, ಹಿಂದೆಯೇ ಮುಖ್ಯಸ್ಥರು.

"ಮುನ್ನೂರು ವರ್ಷಗಳ ಹಿಂದೆ ಒಬ್ಬ ನೇಕಾರ ಹೆಂಗಸಿದ್ದಳು..." ಎಂದು ಕಾದಂಬರಿಗಾರ್ತಿ ಶುರುಮಾಡಿದರು.

"ಅವಳ ಕತೆ ಇರ್ಲಮ್ಮ," ಎಂದರು ಕನ್ನಡಕದ ಅಜ್ಜಿ. "ಗುಳಿಗೆ ಊಟಕ್ಕೆ ಮುಂಚೇನೋ, ಆಮೇಲೋ?"

ಬರೆದುಕೊಳ್ಳಲು ಸಭೆಗೆ ಸಭೆಯೇ ಪೆನ್ನು ತೆಗೆಯಿತು. ಮುಖ್ಯಸ್ಥರು ನೋಡಿದ ನೋಟಕ್ಕೆ ಹಸಿ ಸೌದೆಯೂ ಹೊತ್ತಿಕೊಳ್ಳುತ್ತಿತ್ತು. ಸಹಾಯಕರು ಎದ್ದು ನಿಂತು, ತಡವರಿಸುತ್ತ, ಬೋರ್ಡಿನ ಕತೆಯನ್ನೆಲ್ಲ ಒಪ್ಪಿಸಿದರು. ಕಾದಂಬರಿಗಾರ್ತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಫೈಲು ಮುಚ್ಚಿದರು.

"ಗುಳಿಗೆ ಅಂತೂ ನನ್ನ ಹತ್ರ ಇಲ್ಲ. ನೀವು ಮರೀದೇ ಇರೋದು ಏನಾದ್ರೂ ಇದ್ರೆ ಅದನ್ನೇ ಹೇಳಿ, ನಾನು ಕೇಳ್ತೀನಿ."

ಕನ್ನಡಕದ ಅಜ್ಜಿ ಎದ್ದರು. ಹದಿನೆಂಟಕ್ಕೆ ಬಟ್ಟೆ ಗಿರಣಿ ಸೇರಿದ್ದು, ಮೇಸ್ತ್ರಿ ಹೆಂಗಸರ ಬಚ್ಚಲಿಗೆ ಬೀಗ ಹಾಕಿದ್ದು, ನಲವತ್ತು ಹೆಂಗಸರು ಯಂತ್ರ ನಿಲ್ಲಿಸಿ ಅಂಗಳದಲ್ಲಿ ಕೂತದ್ದು, ಮೂರನೆಯ ದಿನ ಬೀಗ ತೆರೆದದ್ದು, ಎಲ್ಲ ಹೇಳಿದರು. "ಪೇಪರ್‌ನೋರು ಯಂತ್ರ ಕೆಟ್ಟಿತ್ತು ಅಂತ ಬರೆದ್ರು. ನಮ್ಮ ಹೆಸ್ರು ಯಾರೂ ಬರೀಲಿಲ್ಲ," ಎಂದು ನಲವತ್ತೂ ಹೆಸರನ್ನು ಒಂದೂ ಬಿಡದೆ ಹೇಳಿ ಕೂತರು. ಮನೆಯ ನಲ್ಲಿ ನೆನಪಿಲ್ಲದ ಹೆಂಗಸು! ಸಹಾಯಕರ ಕಣ್ಣು ತುಂಬಿಬಂತು, ಈ ಸಲ ಧೂಳಿನಿಂದಲ್ಲ.

ಆಮೇಲೆ ನಾ ಮುಂದು ತಾ ಮುಂದು ಎಂದು ಎಲ್ಲರೂ ತಮ್ಮ ತಮ್ಮ ಕತೆ ಹೇಳತೊಡಗಿದರು. ಕೊನೆಗೆ ನಾದಿನಿಗೆ ಕುಕ್ಕರ್ ಕೂಡ ನೆನಪಾಯಿತು. ಮುಗಿದಾಗ ಆರೂವರೆ. ಮುಖ್ಯಸ್ಥರು ಸಹಾಯಕರ ಬೆನ್ನು ತಟ್ಟಿ, "ನಿಮ್ಮ ಕುರ್ಚಿ ಇದ್ದಲ್ಲೇ ಇರುತ್ತೆ ಬಿಡಿ," ಎಂದರು.

"ಕುರ್ಚಿ ಇರ್ಲಿ, ಇವರನ್ನ ನನಗೆ ಕೊಡಿ," ಎಂದರು ಕಾದಂಬರಿಗಾರ್ತಿ. "ಈ ಅಜ್ಜಿಯರೆಲ್ಲ ಹೇಳಿದ್ದನ್ನ ಹಳೇ ಪತ್ರಿಕೆಗಳಲ್ಲಿ ಹುಡುಕಿ ತಾಳೆ ನೋಡ್ಬೇಕು. ಒಂದೇ ದಿನದಲ್ಲಿ ಇಂಥವರನ್ನೆಲ್ಲ ಹುಡುಕಿ ತಂದೋರಿಗೆ ಅದೇನು ಮಹಾ?"

"ಎ... ಎಷ್ಟು ದಿನ ಮೇಡಂ?"

"ಮೂರು ಸಂಪುಟ ಮುಗಿಯೋವರೆಗೆ, ಅಷ್ಟೆ."

"ಸಾರ್, ನನ್ನ ಮೂಗು..."

"ಹೌದಲ್ಲ, ನಿಮಗೆ ಧೂಳು ಆಗಲ್ಲ ಅಂದಿದ್ರಿ. ಮರೆತೇಬಿಟ್ಟಿದ್ದೆ ನೋಡಿ," ಎನ್ನುತ್ತ ಮುಖ್ಯಸ್ಥರು ನೆಲಮಾಳಿಗೆಯ ಬೀಗದ ಕೈಯನ್ನು ಅವರ ಅಂಗೈಗಿಟ್ಟರು. ಅದಕ್ಕೆ ಅಂಟಿದ್ದ ಧೂಳಿಗೇ ಮೊದಲ ಸೀನು ಬಂತು.

ಬಾಗಿಲು ದಾಟುತ್ತಿದ್ದ ಕನ್ನಡಕದ ಅಜ್ಜಿ ತಿರುಗಿ ನೋಡಿದರು.

"ಶೀತಕ್ಕೊಂದು ಗುಳಿಗೆ ತಗೊಳ್ಳಪ್ಪ. ಮರೀಬೇಡ."